ಕಹಿ ಎಲೆಗೊಂದು ಒರೆಗಲ್ಲು

ನೈಜೀರಿಯ ದೇಶದ ಅಡುಗೆಮನೆಗಳಲ್ಲಿ ಬಹು ಪರಿಚಿತವಾದ ಸೊಪ್ಪೊಂದಿದೆ. ಇಗ್ಬೊ ಜನರು ಅದನ್ನು ‘ಒನುಗ್ಬು’ ಎಂದೂ, ಯೊರುಬಾ ಜನರು ‘ಎವುರೊ’ ಎಂದೂ ಕರೆಯುತ್ತಾರೆ. ಎಲೆಗಳನ್ನು ಕಿವುಚಿ, ಹಲವು ನೀರಿನಲ್ಲಿ ತೊಳೆದು, ಕಹಿಯನ್ನು ತಗ್ಗಿಸಿ ಸಾರು ಮಾಡುವುದು ಅಲ್ಲಿಯ ವಾಡಿಕೆ. ತೊಳೆಯದ ಕಹಿ ರಸವಾದರೋ ಔಷಧ. ಸಸ್ಯಶಾಸ್ತ್ರಜ್ಞರು ಇದಕ್ಕಿತ್ತ ಹೆಸರು ವರ್ನೋನಿಯಾ ಅಮಿಗ್ಡಲಿನಾ. ನಮ್ಮ ಅಜ್ಜಿಯರು ಜಂತುಹುಳುವಿಗೆ ಕೊಡುತ್ತಿದ್ದ ಕಾಡುಜೀರಿಗೆಯನ್ನೂ ಹಿಂದೆ ಇದೇ ವರ್ನೋನಿಯಾ ಕುಲದಲ್ಲಿ ಎಣಿಸಿದ್ದರು.

1987ರಲ್ಲಿ ಟಾಂಜಾನಿಯದ ಮಹಾಲೆ ಬೆಟ್ಟಗಳಲ್ಲಿ ಕಾಯಿಲೆಬಿದ್ದ ಹೆಣ್ಣು ಚಿಂಪಾಂಜಿಯೊಂದು ಈ ಗಿಡದ ಎಳೆಯ ಕಾಂಡವನ್ನು ಸುಲಿದು, ತಿರುಳನ್ನು ಅಗಿದು ರಸ ಹೀರುತ್ತಿದ್ದುದನ್ನು ವಿಜ್ಞಾನಿ ಮೈಕೇಲ್ ಹಫ್‌ಮನ್ ಕಂಡರು. ಅದು ತಮ್ಮ ಜನರ ಮದ್ದೆಂದು ಜೊತೆಯಲ್ಲಿದ್ದ ಮೊಹಮೆದಿ ಸೈಫು ತಿಳಿಸಿದರು. ಮರುದಿನ ಚಿಂಪಾಂಜಿ ಚೇತರಿಸಿಕೊಂಡಿತ್ತು! ಆದರೆ ಒಂದು ಜೀವದ ಚೇತರಿಕೆ ಪ್ರಶ್ನೆಯನ್ನು ಹುಟ್ಟಿಸಬಲ್ಲದೇ ಹೊರತು ಉತ್ತರವಾಗಲಾರದು.

ಇದೇ ಕಹಿ ಎಲೆಯಲ್ಲಿ ಗರ್ಭಕೋಶದ ಗಡ್ಡೆಗೂ ಪರಿಹಾರವುಂಟೆಂದು ನಂಬುವವರಿದ್ದಾರೆ. ‘ಫೈಬ್ರಾಯಿಡ್’ ಎಂಬ ಈ ಗಡ್ಡೆ ಕ್ಯಾನ್ಸರಲ್ಲ. ಗರ್ಭಕೋಶದ ಸ್ನಾಯುವಿನಲ್ಲಿಯೇ ಬೆಳೆಯತಕ್ಕದ್ದು. ಐವತ್ತರ ವಯಸ್ಸಿನೊಳಗೆ ಶೇಕಡಾ 80ಕ್ಕೂ ಹೆಚ್ಚು ಕಪ್ಪು ಸ್ತ್ರೀಯರಲ್ಲಿ, ಸುಮಾರು 70ರಷ್ಟು ಬಿಳಿಯ ಸ್ತ್ರೀಯರಲ್ಲಿ ಇದು ಕಾಣಿಸಿಕೊಳ್ಳುವುದೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಂದಾಜುಮಾಡಿತು. ಅನೇಕರಿಗೆ ಇದರಿಂದ ತೊಂದರೆಯೇ ಇಲ್ಲ. ಕೆಲವರಿಗಾದರೋ ಅತಿಯಾದ ರಕ್ತಸ್ರಾವ, ರಕ್ತಹೀನತೆ, ಬಂಜೆತನದ ಭಯ. ಗರ್ಭಕೋಶವನ್ನೇ ತೆಗೆಸಬೇಕೆಂಬ ಮಾತು ಕಿವಿಗೆ ಬಿದ್ದ ಹೆಣ್ಣುಮಗಳು ಎಲೆಯ ರಸಕ್ಕೆ ಕೈಚಾಚಿದರೆ ಆಶ್ಚರ್ಯವೇನು?

ತೊಡಕಿರುವುದು ಇಲ್ಲಿಯೇ. ಸ್ತ್ರೀದೇಹದ ಹಾರ್ಮೋನುಗಳು ಈ ಗಡ್ಡೆಯನ್ನು ಪೋಷಿಸುತ್ತವೆ. ಮುಟ್ಟು ನಿಂತ ಮೇಲೆ ಅದು ಸಾಮಾನ್ಯವಾಗಿ ತಾನಾಗಿ ಕುಗ್ಗುತ್ತದೆ. ಆ ವಯಸ್ಸಿನಲ್ಲಿ ಕಷಾಯ ಕುಡಿದವಳು ಗುಣ ಕಂಡರೆ ಕೀರ್ತಿ ಕಷಾಯಕ್ಕೆ ಸಲ್ಲಬೇಕೋ, ಕಾಲಕ್ಕೋ?

ಇದನ್ನು ಬೇರ್ಪಡಿಸಿ ನೋಡುವ ಬಗೆಯನ್ನು ಆಫ್ರಿಕದ್ದೇ ಆದ ಈಜಿಪ್ಟ್ ತೋರಿಸಿದೆ. ಹಸಿರು ಚಹದ ಸತ್ತ್ವವನ್ನು ಒರೆಗೆ ಹಚ್ಚಿದ ಅಲ್ಲಿನ ವೈದ್ಯರು 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರಯೋಗವನ್ನು ಪೂರೈಸಿದವರು 33 ಸ್ತ್ರೀಯರು. 22 ಮಂದಿಗೆ ದಿನಕ್ಕೆ 800 ಮಿಲಿಗ್ರಾಂ ಸತ್ತ್ವ. 11 ಮಂದಿಗೆ ನೋಟಕ್ಕೆ ಔಷಧದಂತಿದ್ದ ಹುಸಿಮಾತ್ರೆ. ನಾಲ್ಕು ತಿಂಗಳ ಬಳಿಕ ಮೊದಲ ಗುಂಪಿನಲ್ಲಿ ಗಡ್ಡೆಯ ಗಾತ್ರ ಸರಾಸರಿ ಶೇಕಡಾ 32.6ರಷ್ಟು ತಗ್ಗಿತ್ತು, ಎರಡನೆಯದರಲ್ಲಿ 24.3ರಷ್ಟು ಹೆಚ್ಚಿತ್ತು. ಮೂವತ್ತಮೂರು ಮಂದಿಯ ಸಾಕ್ಷ್ಯ ಅಲ್ಪವೇ ನಿಜ. ಆದರೂ ಹೋಲಿಸಿ ನೋಡುವ ಹಾದಿ ಸರಿಯಾದುದು.

ಕಹಿ ಎಲೆಯೂ ಇದೇ ಹಾದಿಯಲ್ಲಿ ನಡೆದುಬರಬೇಕು. ಸಾರಿನಲ್ಲಿ ಹಿತವಾದುದು ಸಾಂದ್ರ ರಸವಾದಾಗಲೂ ಹಿತವೆಂದು ಹೇಳಲಾಗದು. ಪ್ರಮಾಣವೆಷ್ಟು, ಯಕೃತ್ತಿಗೆ ಬಾಧೆಯುಂಟೇ, ಗರ್ಭಿಣಿಗೆ ಅಪಾಯವೇ ಎಂದು ನೋಡಲೇಬೇಕು. ಹಾಗೆ ಪರೀಕ್ಷಿಸುವುದು ಅಜ್ಜಿಯ ಮಾತಿಗೆ ಮಾಡುವ ಅಪಮಾನವಲ್ಲ. ಅದನ್ನು ನಂಬಿ ಬಟ್ಟಲು ಹಿಡಿದ ಹೆಣ್ಣುಮಗಳಿಗೆ ಸಲ್ಲಬೇಕಾದ ನ್ಯಾಯ.