ಬಹುಮಾನವೂ ಬಡಗಿಯ ಗಡಿಯಾರವೂ

ಹಡಗು ಎಷ್ಟು ಉತ್ತರಕ್ಕಿದೆ, ಎಷ್ಟು ದಕ್ಷಿಣಕ್ಕಿದೆ ಎಂಬುದನ್ನು ಹಿಂದಿನ ನಾವಿಕರು ಸೂರ್ಯನನ್ನೋ ಧ್ರುವನಕ್ಷತ್ರವನ್ನೋ ನೋಡಿ ಹೇಳಬಲ್ಲವರಾಗಿದ್ದರು. ಪೂರ್ವ ಪಶ್ಚಿಮಗಳ ಲೆಕ್ಕ ಮಾತ್ರ ಅವರಿಗೆ ದಕ್ಕಿರಲಿಲ್ಲ. 1707ರಲ್ಲಿ ಇಂಗ್ಲೆಂಡಿನ ನೌಕಾಪಡೆಯ ನಾಲ್ಕು ಹಡಗುಗಳು ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಸಾವಿರಕ್ಕೂ ಹೆಚ್ಚು ಮಂದಿ ಕಡಲಪಾಲಾದರು. 1714ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾನೂನನ್ನೇ ಮಾಡಿತು: ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ತಿಳಿಸುವ ಉಪಾಯ ಕಂಡವರಿಗೆ 20,000 ಪೌಂಡು. ಉಪಾಯ ಯಾವ ಬಗೆಯದಾಗಿರಬೇಕೆಂದು ಕಾನೂನು ಹೇಳಲಿಲ್ಲ. ಆ ಮೌನದಲ್ಲೇ ಅದರ ಜಾಣ್ಮೆಯಿತ್ತು.

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆಯಷ್ಟೆ. ಹೊರಟ ಬಂದರಿನ ವೇಳೆಯನ್ನು ತಪ್ಪದೆ ತೋರುವ ಗಡಿಯಾರವೊಂದು ಜೊತೆಗಿದ್ದರೆ, ಹಡಗಿನ ನಡುಹಗಲಿನೊಡನೆ ಅದನ್ನು ಹೋಲಿಸಿ ರೇಖಾಂಶವನ್ನು ಹೇಳಬಹುದು. ಆದರೆ ಅರ್ಧ ಡಿಗ್ರಿಯೆಂದರೆ ಕೇವಲ 2 ನಿಮಿಷ. ಆರು ವಾರದ ಪಯಣದಲ್ಲಿ ದಿನಕ್ಕೆ 3 ಸೆಕೆಂಡಿನಷ್ಟೂ ತಪ್ಪುವಂತಿಲ್ಲ! ಓಲಾಡುವ ಹಡಗಿನಲ್ಲಿ ಲೋಲಕದ ಗಡಿಯಾರಕ್ಕೆ ಇದು ಆಗದ ಮಾತು. ಪಂಡಿತರು ಚಂದ್ರ ನಕ್ಷತ್ರಗಳ ಗಣಿತವನ್ನೇ ನೆಚ್ಚಿದರು.

ಗಡಿಯಾರವನ್ನು ನೆಚ್ಚಿದವನು ಜಾನ್ ಹ್ಯಾರಿಸನ್. ಬಡಗಿಯ ಮಗ, ತಾನೂ ಬಡಗಿ. ಅವನ ಮೊದಲ ಕಡಲ ಗಡಿಯಾರ ಸಿದ್ಧವಾದದ್ದು 1735ರಲ್ಲಿ, ನಾಲ್ಕನೆಯದು 1759ರಲ್ಲಿ. ಗೆದ್ದ ಮೇಲಷ್ಟೇ ಬಹುಮಾನ. ಗೆಲ್ಲುವವರೆಗಿನ ಅನ್ನಕ್ಕೆ ದಾರಿ? ಜಾರ್ಜ್ ಗ್ರಹಾಮ್ ಎಂಬ ಹಿರಿಯ ಗಡಿಯಾರಗಾರ ಕೊಟ್ಟ ಸಾಲ, 1737ರಿಂದ ರೇಖಾಂಶ ಮಂಡಳಿ ಬಿಡಿಬಿಡಿಯಾಗಿ ನೀಡಿದ ಮುಂಗಡ ಇವು ಅವನನ್ನು ಉಳಿಸಿದವು. ಬಹುಮಾನದ ಗುಣಗಾನ ಮಾಡುವವರು ಈ ಸಂಗತಿಯನ್ನು ಮರೆಯುವುದುಂಟು.

1762ರಲ್ಲಿ ಜಮೈಕಾ ತಲುಪಿದಾಗ, ಮೊದಲೇ ಗೊತ್ತಿದ್ದ ದೈನಂದಿನ ವ್ಯತ್ಯಾಸವನ್ನು ಕಳೆದರೆ, ಗಡಿಯಾರದ ತಪ್ಪು ಸುಮಾರು 5 ಸೆಕೆಂಡು. ಮಂಡಳಿ ಒಪ್ಪಲಿಲ್ಲ. ಬಾರ್ಬಡೋಸ್‌ಗೆ ಮತ್ತೊಂದು ಪರೀಕ್ಷೆ ನಡೆಯಿತು. ಅದರಲ್ಲೂ ಗಡಿಯಾರ ಗೆದ್ದಿತು. ಆಗ 1765ರಲ್ಲಿ ಹೊಸ ಕಾನೂನು: ಗುಟ್ಟನ್ನು ಬಿಚ್ಚಿಟ್ಟರೆ ಅರ್ಧ ಹಣ, ಅಂಥದೇ ಗಡಿಯಾರ ಮತ್ತೆ ತಯಾರಾದರೆ ಉಳಿದರ್ಧ. ಅದೇ ವರ್ಷ ರಾಜ ಖಗೋಲಜ್ಞನ ಪದವಿಯೊಡನೆ ಮಂಡಳಿಯ ಸ್ಥಾನವನ್ನೂ ಪಡೆದ ನೆವಿಲ್ ಮ್ಯಾಸ್ಕೆಲಿನ್ ಚಂದ್ರಗಣಿತದ ಪಕ್ಷಪಾತಿ. ಒಂದೇ ಒಂದು ಗಡಿಯಾರದಿಂದ ನೌಕಾಪಡೆ ಉಳಿಯದು ಎಂಬ ಮಂಡಳಿಯ ವಾದದಲ್ಲಿ ಹುರುಳಿತ್ತು, ನಿಜ. ಆದರೆ ಓಟ ಮುಗಿದ ಮೇಲೆ ಗುರಿಗೆರೆಯನ್ನು ಮುಂದಕ್ಕೆ ಸರಿಸುವುದು ನ್ಯಾಯವಲ್ಲ.

ಕೊನೆಗೆ ದೊರೆ ಮೂರನೆಯ ಜಾರ್ಜನ ಬೆಂಬಲದಿಂದ 1773ರಲ್ಲಿ ಪಾರ್ಲಿಮೆಂಟೇ 8,750 ಪೌಂಡು ಕೊಟ್ಟಿತು. ಹ್ಯಾರಿಸನ್‌ಗೆ ಆಗ 80 ವರ್ಷ. ಅವನ ಗಡಿಯಾರದ ಮಾದರಿಯಲ್ಲಿ ಲಾರ್ಕಮ್ ಕೆಂಡಾಲ್ ಮಾಡಿದ ಪ್ರತಿ ಅಷ್ಟರಲ್ಲಿ ಕ್ಯಾಪ್ಟನ್ ಕುಕ್‌ನೊಡನೆ ದಕ್ಷಿಣ ಸಮುದ್ರಗಳಲ್ಲಿತ್ತು. ಅದಕ್ಕೆ ತಗುಲಿದ್ದು 500 ಪೌಂಡು. ಸಾಮಾನ್ಯ ಹಡಗುಗಳಿಗೂ ಎಟುಕುವಂತೆ ಅದನ್ನು ಸರಳಗೊಳಿಸಿದವರು ಜಾನ್ ಆರ್ನಲ್ಡ್, ಥಾಮಸ್ ಅರ್ನ್‌ಷಾ ಮೊದಲಾದ ಮುಂದಿನ ಕುಶಲಕರ್ಮಿಗಳು.