ಹೆಜ್ಜೇನು ಹೋದ ಮರುದಿನ

ಮೇ ಕೊನೆಯ ವಾರ ಪುಣೆಯ ನಮ್ಮ ಸೊಸೈಟಿಯ ನೀರಿನ ಟ್ಯಾಂಕಿನ ಕೆಳಗಿದ್ದ ಹೆಜ್ಜೇನು ರಾತ್ರೋರಾತ್ರಿ ಗೂಡು ಬಿಟ್ಟು ಹೋಯಿತು. ಬೆಳಿಗ್ಗೆ ನೋಡಿದರೆ ಬರೀ ಮೇಣದ ಹಲ್ಲೆ ನೇತಾಡುತ್ತಿದೆ. ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡ್ ಬಂತು: ಜೇನು ಗೂಡು ಬಿಟ್ಟರೆ ಭೂಕಂಪ ಖಚಿತ, ಎಚ್ಚರ! ಸಂಜೆ ಅವ್ವನಿಗೆ ಫೋನಿನಲ್ಲಿ ನಗುತ್ತಾ ಹೇಳಿದೆ. ಆಕೆ ನಗಲಿಲ್ಲ. "ಕಿಲ್ಲಾರಿ ಭೂಕಂಪದ ರಾತ್ರಿ ನಾಯಿ ಹೆಂಗ್ ಒದರ್ಲಿಕತ್ತಿದ್ವು, ಮರ್ತೀ ಏನು?" ಅಂದಳು.

ಮರೆತಿಲ್ಲ. ನಮ್ಮದು ಬಸವಕಲ್ಯಾಣ ತಾಲ್ಲೂಕಿನ ಹಳ್ಳಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಾತ್ರೆಗಳು ಉರುಳಿದ ಸದ್ದಿಗೆ ಎದ್ದು ಎಲ್ಲರೂ ಹೊರಗೆ ಓಡಿದ್ದೆವು. ಎಷ್ಟೋ ರಾತ್ರಿ ಅಂಗಳದಲ್ಲೇ ಮಲಗಿದ್ದು ನೆನಪಿದೆ. ನಾಯಿಗಳಿಗೆ ನಿಜಕ್ಕೂ ಗೊತ್ತಾಗಿತ್ತೇ? ಆ ಪ್ರಶ್ನೆ ಹಿಡಿದು ಒಂದಷ್ಟು ದಿನ ಓದಿದೆ.

ಮೊದಲು ಜೇನಿನ ವಿಷಯ. ಚೀನಾದ ಸಂಶೋಧಕರು ಮೂರು ಗೂಡುಗಳ 300 ಕೆಲಸಗಾರ ಜೇನುಗಳ ಬೆನ್ನಿಗೆ ಪುಟ್ಟ ರೇಡಿಯೋ ಟ್ಯಾಗ್ ಅಂಟಿಸಿ, ಅವು ಹೊರಗೆ ಹೋಗಿ ಬರುವ ಸಮಯ ದಾಖಲಿಸಿದರು. (ನಮ್ಮ ಆಫೀಸಿನ ಸ್ವೈಪ್ ಕಾರ್ಡಿನ ಹಾಗೆಯೇ.) ಮರುದಿನ ಮಳೆಯಿದ್ದರೆ ಅವು ಹಿಂದಿನ ದಿನ ಹೆಚ್ಚು ಹೊತ್ತು ಹೊರಗೆ ದುಡಿದು, ಸಂಜೆ ತಡವಾಗಿ ಕೆಲಸ ನಿಲ್ಲಿಸುತ್ತಿದ್ದವು. ಗಾಳಿಯ ತೇವ, ಉಷ್ಣತೆ, ಒತ್ತಡದ ಬದಲಾವಣೆ ಅವುಗಳಿಗೆ ತಿಳಿಯುತ್ತಿರಬೇಕು ಎಂಬುದು ಸಂಶೋಧಕರ ಊಹೆ. ಅಂದರೆ ನಾಳಿನ ಮಳೆಯ ಸುಳಿವು ಇವತ್ತಿನ ಗಾಳಿಯಲ್ಲೇ ಇರುತ್ತದೆ. ಸುಳಿವೇ ಇಲ್ಲದಿದ್ದರೆ? 2017ರ ಆಗಸ್ಟ್ 21ರಂದು ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣವಾದಾಗ, ಶಾಲಾ ಮಕ್ಕಳೂ ಸೇರಿ ಹೂಗಳ ನಡುವೆ ಸಣ್ಣ ಮೈಕುಗಳನ್ನು ನೇತುಹಾಕಿ ಜೇನುಗಳ ಝೇಂಕಾರ ದಾಖಲಿಸಿದರು. ಸೂರ್ಯ ಪೂರ್ತಿ ಮುಚ್ಚುವವರೆಗೂ ಅವು ಹಾರುತ್ತಲೇ ಇದ್ದವು, ಕತ್ತಲಾದ ಕ್ಷಣ ಸದ್ದು ನಿಂತಿತು.

ಹೆಜ್ಜೇನಂತೂ ಹುಟ್ಟಾ ವಲಸೆಗಾರ, ನಮ್ಮ ಹಾಗೆ. ಹೂವಿನ ಕಾಲ ಮುಗಿದರೆ ಗೂಡು ಬಿಡುತ್ತದೆ, ಮತ್ತೆ ಕಾಲ ಕೂಡಿ ಬಂದಾಗ ಎಷ್ಟೋ ಸಲ ಅದೇ ಕೊಂಬೆಗೆ, ಅದೇ ಕಟ್ಟಡಕ್ಕೆ ಮರಳುತ್ತದೆ. ನಮ್ಮ ಟ್ಯಾಂಕಿನದು ಹೋದದ್ದೂ ಹಾಗೆಯೇ ಎಂದು ನನ್ನ ನಂಬಿಕೆ.

ಭೂಕಂಪದ ಮಾತು ಬೇರೆ. ಚೀನಾದ ಹೈಚೆಂಗ್‌ನಲ್ಲಿ 1975ರ ಫೆಬ್ರವರಿ 4ರ ದೊಡ್ಡ ಕಂಪನಕ್ಕೆ ಮುಂಚೆ, ಕೊರೆಯುವ ಚಳಿಯಲ್ಲಿ ಹಾವುಗಳು ಬಿಲದಿಂದ ಹೊರಬಂದ ವರದಿಗಳಿದ್ದವು. ಜನರನ್ನು ಮನೆಯಿಂದ ಹೊರಗೆ ಕಳಿಸಿದ್ದರಿಂದ ಸಾವಿರಾರು ಜೀವ ಉಳಿದವು. ಆದರೆ ಅಲ್ಲಿ ಅದಕ್ಕೂ ಮೊದಲು ನೂರಾರು ಸಣ್ಣ ಕಂಪನಗಳಾಗಿದ್ದವು, ಎಚ್ಚರಿಕೆಗೆ ಮುಖ್ಯ ಆಧಾರ ಅವೇ. ಮರುವರ್ಷ ಜುಲೈ 28ರಂದು ಅದೇ ದೇಶದ ತಾಂಗ್‌ಶಾನ್ ನಗರದಲ್ಲಿ ಅಂಥ ಮುನ್ಸೂಚನೆಯ ಕಂಪನಗಳಿರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಸರ್ಕಾರಿ ಲೆಕ್ಕದಲ್ಲೇ ಸತ್ತವರು 2,40,000ಕ್ಕೂ ಹೆಚ್ಚು. ಹಾವು, ಇಲಿಗಳ ಮೇಲೆ ಭಾರ ಹಾಕಿ ಕೂರುವವರಿಗೆ ನಾನು ಈ ಊರಿನ ಹೆಸರು ಹೇಳುತ್ತೇನೆ.

ಕೆಲವು ಸೆಕೆಂಡುಗಳ ಮಟ್ಟಿಗೆ ಪ್ರಾಣಿಗಳು ನಮಗಿಂತ ಮುಂದಿರುವುದು ನಿಜವಿರಬಹುದು. ಭೂಕಂಪದಲ್ಲಿ ವೇಗದ, ಹಗುರ ಅಲೆ ಮೊದಲು ಬರುತ್ತದೆ. ಗೋಡೆ ಕೆಡಹುವ ಅಲೆ ಅದರ ಹಿಂದೆ. ಮೊದಲನೆಯದು ನಮ್ಮ ಅರಿವಿಗೆ ಬಾರದಿದ್ದರೂ ನಾಯಿಗೆ ತಿಳಿಯಬಹುದು. ಗಂಟೆ, ದಿನಗಳ ಮುಂಚೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಜರ್ಮನಿಯ ವಿಜ್ಞಾನಿಗಳು ಇಂಥ 700ಕ್ಕೂ ಹೆಚ್ಚು ವರದಿಗಳನ್ನು ಜಾಲಾಡಿ 2018ರಲ್ಲಿ ಬರೆದದ್ದು ಇದನ್ನೇ: ಹೆಚ್ಚಿನವು ಘಟನೆಯ ನಂತರ ನೆನಪಿಸಿಕೊಂಡವು. ನನ್ನ ಕೆಲಸ ಸರ್ವರ್‌ಗಳ ಅಲಾರಂ ನೋಡುವುದು. ಏನೂ ಆಗದ ದಿನ ಅಲಾರಂ ಎಷ್ಟು ಸಲ ಹೊಡೆಯಿತು ಎಂಬ ಲೆಕ್ಕವಿಲ್ಲದೆ ಅದನ್ನು ನಂಬಲಾಗದು. ಭೂಕಂಪವಾಗದ ರಾತ್ರಿ ಬೊಗಳಿದ ನಾಯಿಗಳ ಲೆಕ್ಕ ಇಟ್ಟವರಾರು?

ಇನ್ನು ನಮ್ಮೂರ ನಾಯಿಗಳು. ಹಿಂದಿನ ದಿನ ಅನಂತ ಚತುರ್ದಶಿ. ರಾತ್ರಿಯೆಲ್ಲ ಗಣಪತಿ ಕಳಿಸುವ ಹಲಗೆ, ಪಟಾಕಿ. ಇದನ್ನು ನೆನಪಿಸಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಖರೇನೇ" ಅಂದಳು.

ಕಿಲ್ಲಾರಿ ಸುತ್ತ ಹಿಂದಿನ ವರ್ಷವೇ ನೆಲ ಹಲವು ಸಲ ನಡುಗಿತ್ತು. ಆ ನಸುಕಿನಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಭಾರದ ಮಣ್ಣಿನ ಮಾಳಿಗೆಗಳು.

ಸೊಸೈಟಿ ಗುಂಪಿನಲ್ಲಿ ನಾನೊಂದು ಪ್ರಶ್ನೆ ಹಾಕಿದ್ದೇನೆ: ನಮ್ಮ ಇಪ್ಪತ್ತೈದು ವರ್ಷದ ಕಟ್ಟಡದ ಸ್ಟ್ರಕ್ಚರಲ್ ಆಡಿಟ್ ಯಾವಾಗ ಆಗಿದೆ? ಜೇನಿನ ಫಾರ್ವರ್ಡಿಗೆ ನಲವತ್ತು ಉತ್ತರ ಬಂದಿದ್ದವು. ಇದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ.