‘ಸಾವಯವ’ ಎಂಬ ಪದ ಮತ್ತು ನಮ್ಮ ಅಂಗಳದ ಸುಟ್ಟ ಹುಲ್ಲು

ನಾನು ಕನ್ನಡ ಎಂ.ಎ. ವಿದ್ಯಾರ್ಥಿ, ಊರು ಮಿರಜ ತಾಲ್ಲೂಕಿನ ಖಂಡೇರಾಜುರಿ. ಸಾಹಿತ್ಯದವನು ಗೊಬ್ಬರದ ಬಗ್ಗೆ ಯಾಕ ಮಾತಾಡ್ತಾನ ಅಂತ ನೀವು ಕೇಳಬಹುದು. ಒಂದು ಪದವನ್ನು ನಂಬಿ ನಮ್ಮ ಮನೆ ಮುಂದಿನ ಹುಲ್ಲು ಸುಟ್ಟಿತು, ಅದಕ್ಕ.

ಅಣ್ಣ ಅಂಗಳದಲ್ಲಿ ಕರಿಕಿಯ ಹುಲ್ಲುಹಾಸು ಬೆಳೆಸಿದ್ದ. ‘ಸಾವಯವ ಐತಿ, ಎಷ್ಟು ಹಾಕಿದ್ರೂ ನಡೀತದ’ ಎಂದು ಯಾರೋ ಅಂದರು. ಹಸಿ ಕೋಳಿಗೊಬ್ಬರವನ್ನೇ ಬುಟ್ಟಿಗಟ್ಟಲೆ ಹರಡಿದ. ವಾರದೊಳಗ ಹುಲ್ಲು ಹಳದಿಯಾಗಿ, ಆಮೇಲೆ ಕಂದು ಮಚ್ಚೆ ಬಿತ್ತು. ಅಜ್ಜಿ ನೋಡಿ, ‘ತಮ್ಮಾ, ಕಳೀಲಾರದ ಗೊಬ್ರ ಹಾಕಿದ್ರ ಬೇರು ಸುಡ್ತಾವೋ’ ಅಂದಳು.

ನನ್ನ ಮಾತು ಇರುವುದು ಈ ‘ಕಳಿಯುವುದರ’ ಬಗ್ಗೆ. ಕನ್ನಡದ ‘ಸಾವಯವ’ ಅಂದರೆ ಅವಯವ ಉಳ್ಳದ್ದು. ನಮ್ಮೂರ ಮರಾಠಿಯ ‘ಸೇಂದ್ರಿಯ’ ಅಂದರೆ ಇಂದ್ರಿಯ ಉಳ್ಳದ್ದು. ಎರಡೂ ‘ಆರ್ಗ್ಯಾನಿಕ್’ ಎಂಬ ಪದದ ಅನುವಾದಗಳೇ. ಗೊಬ್ಬರ ಯಾವುದರಿಂದ ಬಂತು ಎಂದಷ್ಟೇ ಅವು ಹೇಳುತ್ತವೆ. ಅದು ಹಸಿಯೋ ಮಾಗಿದ್ದೋ ಅನ್ನೋದನ್ನು ಹೇಳುವುದು ರೈತರ ಮಾತು: ಇಲ್ಲಿ ‘ಕಳಿತ ಗೊಬ್ಬರ’, ಅಲ್ಲಿ ‘ಕುಜಲೇಲಂ ಶೇಣಖತ’. ಚೀಲದ ಮೇಲಿನ ಪದಕ್ಕೆ ಬೆಲೆ ಬಂದು ತಿಪ್ಪೆಯ ಪದ ಹಿಂದೆ ಸರಿಯಿತು.

ಸುಡುವುದು ಹೇಗೆ? ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು 0.5 ಪ್ರತಿಶತ, ಕೋಳಿಗೊಬ್ಬರದಲ್ಲಿ ಸುಮಾರು 3. ಅಂದರೆ ಆರು ಪಟ್ಟು. ಹಸಿಯಿದ್ದಾಗ ಅದರಿಂದ ಅಮೋನಿಯ ಏಳುತ್ತದೆ, ಲವಣ ಬೇರಿನ ನೀರನ್ನೇ ಹೀರುತ್ತದೆ. ಕಣ್ಣಿ, ಹೊಟ್ಟು ಹೆಚ್ಚಿರುವ ಅರೆಕಳಿತ ಗೊಬ್ಬರದ ಕಥೆ ಇದಕ್ಕ ಉಲ್ಟಾ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ತಿಂದು ಹುಲ್ಲನ್ನು ಬಡವಾಗಿಸುತ್ತವೆ. ಕಳೆಬೀಜ ಬರೋದು ಬ್ಯಾರೆ.

ನಾವು ಮೊದಲು ಕಸಬರಿಗೆಯಿಂದ ಉಳಿದ ಗೊಬ್ಬರ ಗುಡಿಸಿ ತೆಗೆದೆವು. ಮೂರು ದಿನ ಬೆಳಿಗ್ಗೆ ಲವಣ ಕೆಳಗಿಳಿಯುವಷ್ಟು ನೀರು ಬಿಟ್ಟೆವು. ‘ಬ್ಯಾಡ, ಈಗ ಏನೂ ಹಾಕಬ್ಯಾಡ’ ಅಂತ ಅಣ್ಣನ ಕೈ ಹಿಡಿದದ್ದು ಅಜ್ಜಿ. ಕರಿಕಿಗೆ ನೆಲದಡಿಯ ಗೆಣ್ಣು ಜೀವಂತ ಇದ್ದರೆ ಸಾಕು.

ಗುಡಿಸಿದ ಗೊಬ್ಬರಕ್ಕೆ ಒಣ ಎಲೆ ಬೆರೆಸಿ ಗುಡ್ಡೆ ಹಾಕಿ, ತೇವ ಕಾಯ್ದು, ಆಗಾಗ ಮಗುಚಿದೆವು. ಗುಡ್ಡೆಯ ಒಳಗೆ 55 ಡಿಗ್ರಿಗಿಂತ ಹೆಚ್ಚು ಕಾವು ಕೆಲವು ದಿನ ನಿಂತರೆ ಬಹುತೇಕ ಕಳೆಬೀಜ ಸಾಯುತ್ತವೆ. ಕಾವು ಇಳಿದು, ನಾತ ಹೋಗಿ, ಮಳೆಬಿದ್ದ ಮಣ್ಣಿನ ವಾಸನೆ ಬಂದರೆ ಅದು ಕಳಿತ ಹಾಗೆ. ಆಮೇಲೂ ಜರಡಿ ಹಿಡಿದು ತೆಳ್ಳಗೆ ಉದುರಿಸಬೇಕು.

ಇನ್ನು ಗೊಣ್ಣೆಹುಳು, ಮರಾಠಿಯ ‘ಹುಮಣಿ’. ತಿಪ್ಪೆಯ ದಪ್ಪ ಬಿಳಿಹುಳುಗಳೆಲ್ಲ ಬೇರು ತಿನ್ನುವುದಿಲ್ಲ. ಕುರುವಾಯಿ ದುಂಬಿಯ ಮರಿ ಕೊಳೆತದ್ದನ್ನು ತಿಂದುಕೊಂಡೇ ಇರುತ್ತದೆ. ಆದರೆ ಹುಲ್ಲನ್ನು ಎಳೆದರೆ ಬೇರಿಲ್ಲದ ಚಾಪೆಯ ಹಾಗೆ ಎದ್ದು ಬಂದರೆ ಅದು ಹುಮಣಿಯದೇ ಕೆಲಸ. ಅದರ ದುಂಬಿಗಳು ಮೊದಲ ಮಳೆಯ ಸಂಜೆ ಬೇವು, ಜಾಲಿಗೆ ಕೂಡುತ್ತವೆ. ಆಗ ಟೊಂಗೆ ಅಲುಗಾಡಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಕೆಡವಬೇಕು.

ದೀಪಾವಳಿ ಹೊತ್ತಿಗೆ ಗೇಟಿನ ಹತ್ತಿರ ಎರಡೇ ಮಚ್ಚೆ ಉಳಿದಿದ್ದವು. ಅಲ್ಲಿ ಅಜ್ಜಿ ಪುಂಡಿಪಲ್ಲೆ ಬಿತ್ತಿದಳು.